ಅಪ್ಪನ ಬಾಂದುಕಲ್ಲು, ಅಮ್ಮನ ಕಣ್ಣು

ಅಮ್ಮ ಹೂವು ಕಟ್ಟುವುದನ್ನು ಯಾವಾಗ ನಿಲ್ಲಿಸಿದಳು ಎಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಸಾಗರದ ನಮ್ಮ ಮನೆಯ ಹಿತ್ತಿಲಲ್ಲಿ ಬೇಸಿಗೆ ಬಂತೆಂದರೆ ಮಲ್ಲಿಗೆ, ಮಳೆ ಮುಗಿದ ಮೇಲೆ ಸೇವಂತಿಗೆ, ಉಳಿದಂತೆ ಕನಕಾಂಬರ. ಸಂಜೆಯ ಕಾಫಿ ಆದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು, ನೆನೆಸಿಟ್ಟ ಬಾಳೆನಾರು ಹಿಡಿದು, ಎರಡು ಈ ಕಡೆ ಎರಡು ಆ ಕಡೆ ಇಟ್ಟು ಗಂಟು ಹಾಕುತ್ತ ಹೋದರೆ ಪಕ್ಕದ ಮನೆಯ ಸುದ್ದಿ ಮುಗಿಯುವುದರೊಳಗೆ ಎರಡು ಮೊಳ ಆಗಿಬಿಡುತ್ತಿತ್ತು. ಆಮೇಲೊಂದು ದಿನ ದೇವರ ಪಟಗಳ ಮೇಲೆ ಬಿಡಿ ಹೂವು ಕಾಣಿಸಿಕೊಂಡಿತು. ಕೇಳಿದ್ದಕ್ಕೆ ಅಮ್ಮ, "ಯಾರಿಗೆ ಪುರುಸೊತ್ತಿದೆ ಮಾರಾಯ್ತಿ" ಅಂದಳು. ನಾನೂ ನಂಬಿದೆ. ಅಮ್ಮನಿಗೆ ಪುರುಸೊತ್ತು ಇಲ್ಲದಿರುವುದು ಹೇಗೆ ಸಾಧ್ಯ ಎಂದು ಯೋಚಿಸುವಷ್ಟು ಪುರುಸೊತ್ತು ನನಗೂ ಇರಲಿಲ್ಲ.

ಈಗ ಹಿಂತಿರುಗಿ ನೋಡಿದರೆ ಆ ಒಂದೂವರೆ ವರ್ಷದಲ್ಲಿ ನಮ್ಮೆಲ್ಲರ ಹತ್ತಿರವೂ ಒಂದೊಂದು ಚಿತ್ರ ಇತ್ತು. ಅಪ್ಪನ ಚಿತ್ರದಲ್ಲಿ ಅಮ್ಮ ಮುಂಗೋಪಿ ಆಗಿದ್ದಳು. "ಪಕ್ಕದಲ್ಲೇ ನಿಂತು ಮಾತಾಡಿಸಿದರೂ ನೋಡೋದಿಲ್ಲ, ಹತ್ತಿರ ಹೋದರೆ ಬೆಚ್ಚಿ ಬಿದ್ದು ನನಗೇ ಬೈತಾಳೆ" ಎಂದು ಫೋನಿನಲ್ಲಿ ದೂರುತ್ತಿದ್ದರು. ಮೈಸೂರಿನಲ್ಲಿರುವ ತಮ್ಮನ ಚಿತ್ರದಲ್ಲಿ ಅಮ್ಮ ವಯಸ್ಸಾದವಳಾಗಿದ್ದಳು. ಅವನ ಮನೆಗೆ ಹೋದಾಗ ಎರಡು ಸಲ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಿದ್ದಳಂತೆ. ಊರಿನ ಕನ್ನಡಕದ ಅಂಗಡಿಯವರ ಚಿತ್ರದಲ್ಲಿ ಅಮ್ಮನಿಗೆ ಪೊರೆ ಶುರುವಾಗಿತ್ತು, ಇನ್ನೂ ಬಲಿತಿರಲಿಲ್ಲ. ಅವರು ಎರಡು ಸಲ ಗಾಜು ಬದಲಿಸಿಕೊಟ್ಟರು. ನನ್ನ ಹತ್ತಿರ ಇದ್ದದ್ದು ಬರೀ ಧ್ವನಿ. "ಸ್ವಲ್ಪ ತಲೆನೋವು, ಅಷ್ಟೇ."

ನಾನು ಏನು ಕೆಲಸ ಮಾಡುತ್ತೇನೆಂದು ಇಲ್ಲಿ ಹೇಳಬೇಕು. ಹೇಳದಿದ್ದರೆ ಈ ಕತೆಯಲ್ಲಿ ನನಗೆ ಆದ ನಾಚಿಕೆ ಅರ್ಥವಾಗುವುದಿಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಟು ವರ್ಷದಿಂದ ನಾನು ಮಾಡುತ್ತಿರುವುದು ಇಷ್ಟೇ: ಒಬ್ಬನೇ ರೋಗಿಯ ಎರಡು ಬೇರೆ ಬೇರೆ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದು. ಸಿಟಿ ಸ್ಕ್ಯಾನ್ ಒಂದು ತೋರಿಸುತ್ತದೆ, ಎಂಆರ್‌ಐ ಇನ್ನೊಂದು ತೋರಿಸುತ್ತದೆ, ಎರಡೂ ಸೇರಿದರೆ ಶಸ್ತ್ರಚಿಕಿತ್ಸೆ ಮಾಡುವವರಿಗೆ ದಾರಿ ಕಾಣುತ್ತದೆ. ನಮ್ಮ ತಂಡ ಆ ತಂತ್ರಾಂಶದ ಒಂದು ಭಾಗ ಬರೆಯುತ್ತದೆ. ದಿನಕ್ಕೆ ಹತ್ತಾರು ತಲೆಬುರುಡೆಗಳನ್ನು ಪರದೆಯ ಮೇಲೆ ತಿರುಗಿಸಿ ತಾಳೆ ನೋಡುವವಳಿಗೆ, ತನ್ನ ಮನೆಯ ನಾಲ್ಕು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ತೋಚಲಿಲ್ಲ.

ತೋಚಿದ್ದು ಗೌರಿಹಬ್ಬಕ್ಕೆ ಊರಿಗೆ ಹೋದಾಗ. ಊಟಕ್ಕೆ ಬಡಿಸುತ್ತಿದ್ದ ಅಮ್ಮ ಪಂಕ್ತಿಯ ತುದಿಗೆ ಕೂತಿದ್ದ ಚಿಕ್ಕಮ್ಮನನ್ನು ಬಿಟ್ಟು ಮುಂದೆ ಹೋದಳು. ಹಿಂದಿರುಗಿ ಬರುವಾಗ ಬಲಭುಜ ಅಡುಗೆಮನೆಯ ಚೌಕಟ್ಟಿಗೆ ತಾಗಿತು. ಸ್ವಲ್ಪ ಹೊತ್ತಿಗೆ ಎಡಗೈ ನೀರಿನ ಹಂಡೆಗೆ ತಾಗಿತು. ಎರಡೂ ಪಕ್ಕ. ನನ್ನ ಬಾಯಿ ಒಣಗಿತು. ಎಲ್ಲರೂ ಮಲಗಿದ ಮೇಲೆ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, "ನನ್ನ ಮೂಗನ್ನೇ ನೋಡ್ತಾ ಇರು, ಬೆರಳು ಕಂಡ ತಕ್ಷಣ ಹೇಳು" ಎಂದು ಎರಡೂ ಕೈಗಳನ್ನು ಅವಳ ಕಿವಿಯ ನೇರಕ್ಕೆ ಹಿಡಿದು ಮೆಲ್ಲಗೆ ಮುಂದೆ ತಂದೆ. ಬೆರಳು ಅವಳ ಮುಖದ ನೇರಕ್ಕೆ ಬರುವ ತನಕ ಅಮ್ಮ ಸುಮ್ಮನೇ ಇದ್ದಳು. ಜಟಕಾ ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗೆ ಅವಳ ಜಗತ್ತು ಎರಡೂ ಕಡೆಯಿಂದ ಮುಚ್ಚಿಕೊಂಡಿತ್ತು.

"ಈಗ ಕಂಡಿತು" ಅಂದಳು ಅಮ್ಮ. ಏನೋ ಪರೀಕ್ಷೆಯಲ್ಲಿ ಪಾಸಾದವಳ ಹಾಗೆ.

ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆವು. ಚಿತ್ರ ನನ್ನ ಕೈಗೆ ಬಂದಾಗ ವರದಿ ಓದುವ ಅಗತ್ಯ ಬೀಳಲಿಲ್ಲ. ಪಿಟ್ಯುಟರಿ ಗ್ರಂಥಿ ಎಂದರೆ ಮಿದುಳಿನ ಬುಡದಲ್ಲಿ, ಎಲುಬಿನ ಒಂದು ಸಣ್ಣ ಗೂಡಿನಲ್ಲಿ ಕೂತಿರುವ ಕಡಲೆಕಾಳಿನಷ್ಟು ವಸ್ತು. ಅಮ್ಮನ ಗೂಡಿನಲ್ಲಿ 26 ಮಿಲ್ಲಿಮೀಟರಿನ ಗಡ್ಡೆ ಬೆಳೆದು ಮೇಲಕ್ಕೆ ತಲೆ ಎತ್ತಿತ್ತು. ಅದರ ಮೇಲೆಯೇ ಎರಡೂ ಕಣ್ಣಿನ ನರಗಳು ಸಂಧಿಸುವ ಜಾಗ. ಪ್ರತಿ ಕಣ್ಣಿನ ಒಳಪರದೆಯ ಮೂಗಿನ ಕಡೆಯ ಅರ್ಧದಿಂದ ಬಂದ ಎಳೆಗಳು ಅಲ್ಲಿ ಅಡ್ಡ ಹಾಯ್ದು ಎದುರು ಬದಿಗೆ ಹೋಗುತ್ತವೆ. ಆ ಎಳೆಗಳು ಹೊತ್ತು ತರುವುದು ಹೊರಬದಿಯ ನೋಟ, ಬಲಗಣ್ಣಿನಲ್ಲಿ ಬಲಪಕ್ಕ, ಎಡಗಣ್ಣಿನಲ್ಲಿ ಎಡಪಕ್ಕ. ಕೆಳಗಿನಿಂದ ಗಡ್ಡೆ ಒತ್ತಿದರೆ ಮೊದಲು ಸೊರಗುವುದು ಅವೇ.

ಹೂವಿನ ವಿಷಯವೂ ಆಗ ಅರ್ಥವಾಯಿತು. ಹತ್ತಿರದ ಗಂಟನ್ನು ನೋಡಲು ಎರಡೂ ಕಣ್ಣು ಒಳಕ್ಕೆ ತಿರುಗಿದಾಗ, ಆ ಗಂಟಿನಿಂದ ಆಚೆ ಇರುವುದೆಲ್ಲ ಎರಡೂ ಕಣ್ಣಿನ ಹೊರಬದಿಗೇ ಬೀಳುತ್ತದೆ. ಅಂದರೆ ಅಮ್ಮನಿಗೆ ತಾನು ನೋಡುತ್ತಿರುವ ಹೂವಿನ ಹಿಂದೆ ಇರುವ ಬೆರಳು, ನಾರು, ಮುಂದಿನ ಹೂವು ಯಾವುದೂ ಕಾಣುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲೂ ಆಗುವುದಿಲ್ಲ. ಕೇಳಿದರೆ, "ಹೌದು, ಗಂಟು ಎಲ್ಲಿ ಬೀಳ್ತದೆ ಅಂತಲೇ ಗೊತ್ತಾಗ್ತಿರಲಿಲ್ಲ. ಕೈಗೆ ಮಂಕು ಬಂತು ಅಂದುಕೊಂಡೆ" ಅಂದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಮೂಗಿನ ಮೂಲಕ ದುರ್ಬೀನು ಹಾಕಿ ಗಡ್ಡೆ ತೆಗೆಯುತ್ತೇವೆ, ತಲೆ ತೆರೆಯುವ ಅಗತ್ಯವಿಲ್ಲ ಎಂದರು. ರಕ್ತ ಪರೀಕ್ಷೆ, ಹಾರ್ಮೋನು ಪರೀಕ್ಷೆ ಎಲ್ಲ ಬರೆದು, ಕೊನೆಗೆ ಸಿಟಿ ಸ್ಕ್ಯಾನ್ ಎಂದೂ ಬರೆದರು. ಅಪ್ಪ ಅಲ್ಲಿ ಏನೂ ಮಾತಾಡಲಿಲ್ಲ. ಆಟೋ ಹತ್ತಿದ ಮೇಲೆ ಶುರುವಾಯಿತು.

"ಶಿವಮೊಗ್ಗದಲ್ಲಿ ಒಂದು ಸ್ಕ್ಯಾನ್ ಆಯ್ತಲ್ಲ ಪುಟ್ಟಿ. ಅದೇ ತಲೆಗೆ ಮತ್ತೊಂದು ಯಾಕೆ? ದುಡ್ಡು ಕೀಳೋಕಾ?"

ಅಪ್ಪ ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಸೊರಬ, ಶಿಕಾರಿಪುರ, ಹೊಸನಗರ ಎಂದು ಸುತ್ತದ ಊರಿಲ್ಲ. ಒಂದು ಅಳತೆ ಸಾಲದು, ಎರಡು ಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಅನುಮಾನಿಸುವವರೂ ಅವರೇ, ಕಾರಣ ಸರಿಯಿದ್ದರೆ ಮೊದಲು ಒಪ್ಪುವವರೂ ಅವರೇ. ಆ ರಾತ್ರಿ ನನ್ನ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಎಂಆರ್‌ಐಯಲ್ಲಿ ಮೆತ್ತನೆಯದೆಲ್ಲ ಕಾಣುತ್ತದೆ. ಗಡ್ಡೆ ಎಲ್ಲಿ ಮುಗಿಯುತ್ತದೆ, ಕಣ್ಣಿನ ನರ ಎಲ್ಲಿ ಬಾಗಿದೆ, ರಕ್ತನಾಳ ಎಲ್ಲಿ ಹಾದುಹೋಗುತ್ತದೆ ಎಂಬುದು. ಆದರೆ ಡಾಕ್ಟರು ಹೋಗಬೇಕಾದ ದಾರಿ ಮೂಗಿನ ಹಿಂದಿನ ಟೊಳ್ಳು ಎಲುಬುಗಳ ನಡುವೆ. ತೆಳ್ಳಗಿನ ಎಲುಬೂ ಗಾಳಿಯೂ ಎಂಆರ್‌ಐಯಲ್ಲಿ ಒಂದೇ ಕಪ್ಪು. ಅದನ್ನು ತೋರಿಸುವುದು ಸಿಟಿ. ಸಾಲದ್ದಕ್ಕೆ ಗಾಳಿ ತುಂಬಿದ ಟೊಳ್ಳುಗಳ ಹತ್ತಿರ ಎಂಆರ್‌ಐ ಚಿತ್ರ ಸ್ವಲ್ಪ ಸೊಟ್ಟವಾಗುತ್ತದೆ. ಸಿಟಿ ಅಳತೆಯಲ್ಲಿ ನೆಟ್ಟಗೆ. ಹಾಗಾಗಿ ಸಿಟಿಯನ್ನು ಕೆಳಗೆ ಹಾಸಿ, ಎಂಆರ್‌ಐಯನ್ನು ಅದರ ಮೇಲೆ ಕೂರಿಸುತ್ತಾರೆ.

ಅಪ್ಪ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಅಂದ್ರೆ ಗ್ರಾಮ ನಕಾಶೆ ಬೇರೆ, ಟಿಪ್ಪಣಿ ಬೇರೆ ಅನ್ನು."

ನಮ್ಮಲ್ಲಿ ಹೊಲದ ಗಡಿಯ ತಕರಾರು ಬಂದರೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತಾರೆ. ಗ್ರಾಮ ನಕಾಶೆಯಲ್ಲಿ ಇಡೀ ಊರು ಇರುತ್ತದೆ, ಯಾವ ಸರ್ವೆ ನಂಬರಿನ ಪಕ್ಕ ಯಾವುದು, ಹಳ್ಳ ಎಲ್ಲಿ, ದಾರಿ ಎಲ್ಲಿ ಎಂದು. ಒಂದೊಂದು ನಂಬರಿನ ಒಳಗಿನ ಅಳತೆ ಇರುವುದು ಟಿಪ್ಪಣಿಯಲ್ಲಿ. ಒಂದನ್ನೇ ಹಿಡಿದುಕೊಂಡು ಹೋದ ಸರ್ವೆಯರ್ ಜಗಳ ಹಚ್ಚಿ ಬರುತ್ತಾನೆ ಎಂದು ಅಪ್ಪ ಹೇಳುತ್ತಿದ್ದರು. ನಾನು ಸಣ್ಣವಳಿದ್ದಾಗ ಅವರು ತೆಳ್ಳನೆಯ ಹಾಳೆಯಲ್ಲಿ ಟಿಪ್ಪಣಿ ನಕಲು ಮಾಡಿ, ನಕಾಶೆಯ ಮೇಲಿಟ್ಟು, ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೆಳಕಿನಲ್ಲಿ ನೋಡುತ್ತಿದ್ದದ್ದು ನೆನಪಿದೆ. ಹಾಳೆಯನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ, ಸ್ವಲ್ಪ ತಿರುಗಿಸಿ ಕೂರಿಸುವುದು. ನಾನು ಕಂಪ್ಯೂಟರಿಗೆ ಹೇಳಿಕೊಟ್ಟಿರುವುದು ಅದನ್ನೇ.

"ಸರಿ, ಕೂರಿಸೋಕೆ ಗುರುತು ಯಾವುದು? ನಮಗೆ ಬಾಂದುಕಲ್ಲು ಇರ್ತಿತ್ತು. ಮೂರು ಊರಿನ ಗಡಿ ಕೂಡೋ ಜಾಗದ ಕಲ್ಲು ಸಿಕ್ಕರೆ ಅರ್ಧ ಕೆಲಸ ಮುಗೀತು. ತಲೆ ಒಳಗೆ ಯಾವ ಬಾಂದುಕಲ್ಲು?"

ಹಿಂದೆ ನಿಜವಾಗಿಯೂ ಕಲ್ಲು ನೆಡುತ್ತಿದ್ದರು ಎಂದೆ. ತಲೆಗೆ ಲೋಹದ ಚೌಕಟ್ಟು ಬಿಗಿದು ಅದರಿಂದ ಅಳತೆ ತೆಗೆಯುವುದನ್ನು 1908ರಲ್ಲಿ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಪ್ರಾಣಿಗಳ ಮೇಲಿನ ಪ್ರಯೋಗಕ್ಕಾಗಿ ಶುರುಮಾಡಿದರು. 1947ರಲ್ಲಿ ಅಮೆರಿಕದ ಸ್ಪೀಗಲ್ ಮತ್ತು ವೈಸಿಸ್ ಅದನ್ನು ಮನುಷ್ಯರಿಗೆ ತಂದರು. ಆಮೇಲೆ ಚರ್ಮಕ್ಕೆ ಅಂಟಿಸುವ ಗುರುತು, ಬುರುಡೆಗೆ ಹಾಕುವ ಸಣ್ಣ ಸ್ಕ್ರೂ ಬಂದವು. ಎರಡೂ ಚಿತ್ರದಲ್ಲಿ ಅವು ಕಾಣುತ್ತವೆ, ಅವನ್ನು ಹೊಂದಿಸಿದರೆ ಆಯಿತು. ಈಗ ಎರಡು ಚಿತ್ರಗಳನ್ನು ಹೊಂದಿಸಲು ಕಲ್ಲೇ ಬೇಕಿಲ್ಲ. ತೊಂಬತ್ತರ ದಶಕದ ನಡುವೆ ಅಮೆರಿಕದ ಎಂಐಟಿಯಲ್ಲಿ ವಯೋಲಾ ಮತ್ತು ವೆಲ್ಸ್, ಬೆಲ್ಜಿಯಮ್ಮಿನ ಲ್ಯೂವೆನ್‌ನಲ್ಲಿ ಇನ್ನೊಂದು ತಂಡ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದು ಉಪಾಯ ಕಂಡುಕೊಂಡರು.

ಉಪಾಯವನ್ನು ಅಪ್ಪನಿಗೆ ಹೇಗೆ ಹೇಳುವುದು? ಸಿಟಿಯಲ್ಲಿ ಎಲುಬು ಬಿಳಿ, ಎಂಆರ್‌ಐಯಲ್ಲಿ ಕಪ್ಪು. ಬಣ್ಣಕ್ಕೆ ಬಣ್ಣ ಹೋಲಿಸಿದರೆ ಎಂದೂ ತಾಳೆಯಾಗದು. ನಾನು ಹೇಳಿದೆ: ಕಾರವಾರದ ಒಂದು ಬೀದಿಯಲ್ಲಿ ಇಬ್ಬರು ನಡೆಯುತ್ತಿದ್ದಾರೆ. ಒಬ್ಬ ಕಂಡದ್ದನ್ನೆಲ್ಲ ಕೊಂಕಣಿಯಲ್ಲಿ ಹೇಳುತ್ತಾನೆ, ಇನ್ನೊಬ್ಬ ಕನ್ನಡದಲ್ಲಿ. ನಿನಗೆ ಎರಡೂ ಭಾಷೆ ಬಾರದು. ಆದರೆ ಒಬ್ಬ "ಉದಕ" ಅಂದಾಗೆಲ್ಲ ಇನ್ನೊಬ್ಬ "ನೀರು" ಅನ್ನುತ್ತಿದ್ದರೆ, ಇಬ್ಬರೂ ಒಂದೇ ಜಾಗದಲ್ಲಿ ಹೆಜ್ಜೆ ಹಾಕುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಒಬ್ಬ ನಾಲ್ಕು ಹೆಜ್ಜೆ ಮುಂದೆ ಹೋದರೆ ಜೋಡಿ ಕೆಡುತ್ತದೆ, ಒಂದೇ ಮಾತಿಗೆ ಎದುರು ಹತ್ತು ಮಾತು ಬರತೊಡಗುತ್ತದೆ. ಕಂಪ್ಯೂಟರು ಒಂದು ಚಿತ್ರವನ್ನು ಆಚೀಚೆ ಸರಿಸಿ, ತಿರುಗಿಸಿ, ಜೋಡಿ ಅತಿ ಹೆಚ್ಚು ಕೂಡಿಬರುವ ಜಾಗದಲ್ಲಿ ನಿಲ್ಲಿಸುತ್ತದೆ. ಯಾವುದು ಎಲುಬು, ಯಾವುದು ನೀರು ಎಂದು ಅದಕ್ಕೆ ಗೊತ್ತಿರಬೇಕಿಲ್ಲ.

ಅಪ್ಪನಿಗೆ ಖುಷಿಯಾಯಿತು. ಒಂದು ಗಳಿಗೆ ಇಬ್ಬರೂ ಅಮ್ಮನ ತಲೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದನ್ನು ಮರೆತೆವು. ಆಮೇಲೆ ಅವರು ಕೇಳಿದರು.

"ತಪ್ಪು ಎಷ್ಟು ಬರ್ತದೆ?"

ಇದನ್ನು ಕೇಳದೆ ಬಿಡುವ ಸರ್ವೆಯರ್ ಇಲ್ಲ. ಮೂವತ್ತಮೂರು ಅಡಿಯ ಸರಪಳಿಗೆ ಹದಿನಾರು ಆಣೆ. ಸರಪಳಿ ಜಗ್ಗಿದರೆ, ಬಿಸಿಲಿಗೆ ಹಿಗ್ಗಿದರೆ, ಗುಡ್ಡದ ಇಳಿಜಾರಿನಲ್ಲಿ ಹಿಡಿದರೆ ಎಷ್ಟು ವ್ಯತ್ಯಾಸ ಬರುತ್ತದೆಂದು ತಿಳಿದು ಬದುಕಿದವರು. ನಾನು, ಚಿತ್ರ ಹೊಂದಿಸುವುದು, ಆಮೇಲೆ ಆ ಚಿತ್ರವನ್ನು ಮೇಜಿನ ಮೇಲೆ ಮಲಗಿದ ತಲೆಗೆ ಹೊಂದಿಸುವುದು, ಎಲ್ಲ ಸೇರಿ ಒಂದೂವರೆ, ಎರಡು ಮಿಲ್ಲಿಮೀಟರ್ ಎಂದೆ. ಆಫೀಸಿನ ಸಭೆಗಳಲ್ಲಿ ಈ ಅಂಕಿಯನ್ನು ನಾನು ಹೆಮ್ಮೆಯಿಂದ ಹೇಳಿದ್ದೇನೆ. ಅಪ್ಪ ಏನೂ ಹೇಳದೆ ಒಳಗೆ ಹೋಗಿ, ನನ್ನ ಮಗನ ಜಾಮಿಟ್ರಿ ಪೆಟ್ಟಿಗೆಯಿಂದ ಸ್ಕೇಲು ತಂದರು. ಮಿಲ್ಲಿಮೀಟರಿನ ಎರಡು ಗೆರೆಗಳ ಮೇಲೆ ಉಗುರಿಟ್ಟು ನೋಡಿದರು.

"ಪಕ್ಕದಲ್ಲಿ ಏನಿದೆ?"

ಗೂಡಿನ ಎರಡೂ ಮಗ್ಗುಲಿಗೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಹಾದುಹೋಗುತ್ತವೆ ಎಂದು ಹೇಳಲೇಬೇಕಾಯಿತು.

"ನಾಲ್ಕು ಮೂಲೆ ಸರಿಹೊಂದಿತು ಅಂದ ಮಾತ್ರಕ್ಕೆ ಹೊಲದ ನಡುವಿನ ಬಾವಿ ಸರಿಯಾದ ಜಾಗದಲ್ಲಿದೆ ಅಂತ ಅಲ್ಲ, ಗೊತ್ತಲ್ಲ?" ಅಂದರು ಅಪ್ಪ, ಸ್ಕೇಲನ್ನು ಕೆಳಗಿಡುತ್ತ.

ಗೊತ್ತಿತ್ತು. ಅಮೆರಿಕದ ವಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ಫಿಟ್ಜ್‌ಪ್ಯಾಟ್ರಿಕ್ 2009ರಲ್ಲಿ ಗಣಿತದಿಂದ ತೋರಿಸಿದ್ದು ಇದನ್ನೇ. ಗುರುತುಗಳು ಎಷ್ಟು ಚೆನ್ನಾಗಿ ಕೂತಿವೆ ಎಂಬುದನ್ನು ನೋಡಿ, ಒಳಗಿನ ಗುರಿ ಎಷ್ಟು ಚೆನ್ನಾಗಿ ಕೂತಿದೆ ಎಂದು ಆ ರೋಗಿಯ ಮಟ್ಟಿಗೆ ಹೇಳಲಾಗದು. ಯಂತ್ರದ ಪರದೆಯಲ್ಲಿ ಹಸಿರು ಬಣ್ಣದಲ್ಲಿ ಬರುವ ಸಣ್ಣ ಅಂಕಿ ಭರವಸೆಯಲ್ಲ. ಆ ಪ್ರಬಂಧವನ್ನು ನಾನು ಕೆಲಸಕ್ಕೆ ಸೇರಿದ ವರ್ಷವೇ ಓದಿದ್ದೆ. ಆ ರಾತ್ರಿ ಅದು ನಿದ್ದೆ ಮಾಡಗೊಡಲಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಡಾಕ್ಟರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಕರೆದರು. ನಾನು ಇಂಥದೇ ತಂತ್ರಾಂಶ ಬರೆಯುವವಳು ಎಂದು ಹೇಳಿಕೊಳ್ಳಬೇಕು ಅಂದುಕೊಂಡಿದ್ದೆ. ಅಲ್ಲಿ ಹೋದ ಮೇಲೆ ಹೇಳಲು ಮನಸ್ಸಾಗಲಿಲ್ಲ. ಬದಲಿಗೆ, "ಆ ಪರದೆಯನ್ನು ನೀವು ಎಷ್ಟು ನಂಬ್ತೀರಿ, ಮೇಡಂ?" ಎಂದು ಕೇಳಿದೆ.

ಅವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳಲಿಲ್ಲ. "ಮುಟ್ಟಿ ನೋಡಿ ನಂಬ್ತೀನಿ. ಒಳಗೆ ಹೋದ ಮೇಲೆ ನನಗೆ ಕಣ್ಣಾರೆ ಕಾಣೋ ಒಂದು ಎಲುಬನ್ನು ಕಡ್ಡಿಯಿಂದ ಮುಟ್ತೀನಿ. ಪರದೆ ಮೇಲೂ ಅದೇ ಎಲುಬಿನ ಮೇಲೆ ಗುರುತು ಬಿದ್ದರೆ ಮುಂದೆ ಹೋಗ್ತೀನಿ. ಸ್ವಲ್ಪ ಹೋದ ಮೇಲೆ ಮತ್ತೆ ಇನ್ನೊಂದು ಎಲುಬು. ಆಗಾಗ ಕೇಳ್ತಾ ಇರಬೇಕು, ನೀನು ಇನ್ನೂ ನಿಜ ಹೇಳ್ತಿದ್ದೀಯಾ ಅಂತ."

ಆಮೇಲೆ ಸಿಟಿ ಚಿತ್ರವನ್ನು ತೋರಿಸಿದರು. ಮೂಗಿನ ಹಿಂದಿನ ಕೊನೆಯ ಟೊಳ್ಳಿನಲ್ಲಿ ಒಂದು ತೆಳು ಗೋಡೆ ಇರುತ್ತದೆ. ನಡುವೆ ಇರಬೇಕಾದ್ದು, ಆದರೆ ತುಂಬ ಜನರಲ್ಲಿ ಇರುವುದಿಲ್ಲ. ಅಮ್ಮನದು ಬಲಕ್ಕೆ ವಾಲಿಕೊಂಡು ಹೋಗಿ, ಸರಿಯಾಗಿ ಬಲಬದಿಯ ರಕ್ತನಾಳವನ್ನು ಮುಚ್ಚಿರುವ ಎಲುಬಿಗೇ ಸೇರಿತ್ತು. ಗೋಡೆಯೇ ನಡುಗೆರೆ ಎಂದು ನಂಬಿ ಹೋದವರು, ಅಥವಾ ಅದನ್ನು ಒರಟಾಗಿ ಮುರಿದವರು ನಾಳಕ್ಕೆ ಹೋಗಿ ಮುಟ್ಟುತ್ತಾರೆ. ಎಂಆರ್‌ಐಯಲ್ಲಿ ಆ ಗೋಡೆ ಕಂಡೂ ಕಾಣದ ಹಾಗೆ ಇತ್ತು. ಆಟೋದಲ್ಲಿ ಅಪ್ಪ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಈ ಅರ್ಧ ಬೆರಳುದ್ದದ ಗೋಡೆ.

"ಇನ್ನೊಂದು ವಿಷಯ" ಅಂದರು ಡಾಕ್ಟರು. "ಈ ಚಿತ್ರಗಳೆಲ್ಲ ನಾಳೆ ಬೆಳಿಗ್ಗೆಗೇ ಹಳೆಯವು. ಗಡ್ಡೆ ತೆಗೀತಾ ಹೋದ ಹಾಗೆ ಮೇಲಿನ ಪೊರೆ ಕೆಳಗೆ ಇಳಿದು ಬರ್ತದೆ. ಪರದೆ ಮಾತ್ರ ಗಡ್ಡೆ ಇನ್ನೂ ಅಲ್ಲೇ ಇದೆ ಅಂತ ತೋರಿಸ್ತಾ ಇರ್ತದೆ. ಎಲುಬು ಅಲ್ಲಾಡೋದಿಲ್ಲ, ಹಾಗಾಗಿ ದಾರಿಗೆ ಅದನ್ನು ನಂಬಬಹುದು. ಒಳಗಿನದಕ್ಕೆ ಕಣ್ಣು, ಕೈ. ರಕ್ತನಾಳಕ್ಕೆ ಮಾತ್ರ ಕಿವಿ." ಸಣ್ಣ ಡಾಪ್ಲರ್ ಕಡ್ಡಿಯೊಂದನ್ನು ಅವರು ಗೂಡಿನ ಗೋಡೆಗೆ ತಾಗಿಸಿ ಕೇಳುತ್ತಾರಂತೆ. ನಾಳ ಹತ್ತಿರ ಇದ್ದರೆ ರಕ್ತ ಹರಿಯುವ ಸದ್ದು ಬರುತ್ತದೆ. ಎರಡು ಹಳೆಯ ಚಿತ್ರ, ಒಂದು ಹೊಸ ಸದ್ದು.

ಅಪ್ಪ ಹೊರಗೆ ಬಂದ ಮೇಲೆ, "ಈಯಮ್ಮ ಒಳ್ಳೇ ಸರ್ವೆಯರ್" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಬಳೆ, ಓಲೆ, ಮೂಗುತಿ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ತಾಳಿಯನ್ನು ಅಪ್ಪನ ಕೈಗೆ. ಒಳಗೆ ಏನಾಗುತ್ತಿರಬಹುದು ಎಂಬುದು ನನಗೆ ಬೇಡವೆಂದರೂ ಗೊತ್ತಿತ್ತು. ಪ್ರಜ್ಞೆ ತಪ್ಪಿಸಿದ ಮೇಲೆ ತಲೆಯನ್ನು ಅಲ್ಲಾಡದಂತೆ ಮಾಡಿ, ಹೊಳೆಯುವ ಗುಂಡುಗಳಿರುವ ಒಂದು ಗುರುತನ್ನು ತಲೆಯ ಜೊತೆ ಕೂಡಿಸುತ್ತಾರೆ. ಆ ಗುಂಡುಗಳನ್ನು ಒಂದು ಜೋಡಿ ಕ್ಯಾಮೆರಾ ನೋಡುತ್ತಿರುತ್ತದೆ. ಆಮೇಲೆ ಕಡ್ಡಿಯ ತುದಿಯಿಂದ ಹಣೆ, ಹುಬ್ಬು, ಮೂಗಿನ ದಂಡಿಗೆಯನ್ನು ನಿಧಾನವಾಗಿ ಸವರುತ್ತಾರೆ. ಆ ಸವರಿದ ಜಾಗಗಳೇ ಬಾಂದುಕಲ್ಲುಗಳು. ಅಮ್ಮನ ಮುಖವನ್ನು ಅಷ್ಟು ನಿಧಾನವಾಗಿ ಯಾರಾದರೂ ಸವರಿ ಎಷ್ಟು ವರ್ಷವಾಗಿತ್ತೋ.

ಕಾಯುವ ಕೋಣೆಯಲ್ಲಿ ಅಪ್ಪ ಗೋಡೆ ನೋಡುತ್ತ ಕೂತಿದ್ದರು. ನಾನು ಈ ದಾರಿಯನ್ನು ಸವೆಸಿದವರನ್ನು ನೆನೆಯುತ್ತ ಕೂತೆ. 1895ರ ನವೆಂಬರಿನಲ್ಲಿ ರಂಟ್ಜನ್ ಎಕ್ಸ್‌ರೇ ಕಂಡುಹಿಡಿದರೆ, ಮರುವರ್ಷದ ಫೆಬ್ರುವರಿಯಲ್ಲೇ ಬರ್ಮಿಂಗ್‌ಹ್ಯಾಮಿನ ಹಾಲ್-ಎಡ್ವರ್ಡ್ಸ್ ಅದರ ಚಿತ್ರವನ್ನು ಶಸ್ತ್ರಚಿಕಿತ್ಸೆಗೆ ದಾರಿ ತೋರಲು ಬಳಸಿದ್ದರು. ಆ ಕಿರಣಗಳ ಜೊತೆ ಒಡನಾಡಿ ಕೊನೆಗೆ ತಮ್ಮ ಎಡಗೈಯನ್ನೇ ಕಳೆದುಕೊಂಡರು. ಮೂಗಿನ ಮೂಲಕ ಪಿಟ್ಯುಟರಿಗೆ ಹೋಗುವ ದಾರಿಯಲ್ಲಿ ಹಾರ್ವೆ ಕುಶಿಂಗ್ ಇನ್ನೂರಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಮಾಡಿ, ಆಮೇಲೆ ಅದನ್ನು ಬಿಟ್ಟು ತಲೆ ತೆರೆಯುವ ದಾರಿಗೆ ಹೊರಳಿದರು. ಗುರುಗಳೇ ಬಿಟ್ಟ ದಾರಿಯನ್ನು ಬಹಳ ಮಂದಿ ಬಿಟ್ಟರು. ಎಡಿನ್‌ಬರೋದಲ್ಲಿ ಅವರ ಶಿಷ್ಯ ನಾರ್ಮನ್ ಡಾಟ್ ಮಾತ್ರ ಬಿಡಲಿಲ್ಲ. ಅವರಿಂದ ಪ್ಯಾರಿಸ್ಸಿನ ಗಿಯೋ ಕಲಿತರು, ಗಿಯೋ ಅವರಿಂದ ಮಾಂಟ್ರಿಯಲ್ಲಿನ ಜೂಲ್ಸ್ ಹಾರ್ಡಿ ಕಲಿತರು. ಅರವತ್ತರ ದಶಕದಲ್ಲಿ ಹಾರ್ಡಿ ಒಂದು ಕಡೆ ಸೂಕ್ಷ್ಮದರ್ಶಕ, ಇನ್ನೊಂದು ಕಡೆ ಜೀವಂತ ಎಕ್ಸ್‌ರೇ ಇಟ್ಟುಕೊಂಡು ಆ ದಾರಿಯನ್ನು ಮತ್ತೆ ತೆರೆದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ತಲೆಯೊಳಗನ್ನು ತೋರಿಸಿತು. ಇಷ್ಟೂ ಜನ ಸೇರಿ ಅಮ್ಮನ ಮೂಗಿನ ದಾರಿಯಲ್ಲಿ ನಿಂತಿದ್ದಾರೆ ಎಂದುಕೊಂಡರೆ ಸ್ವಲ್ಪ ಧೈರ್ಯ ಬರುತ್ತಿತ್ತು. ಮತ್ತೆ ಸ್ಕೇಲಿನ ಎರಡು ಗೆರೆ ನೆನಪಾದರೆ ಹೋಗುತ್ತಿತ್ತು.

ಹನ್ನೆರಡು ಗಂಟೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಗಡ್ಡೆ ಬಂದಿದೆ, ರಕ್ತಸ್ರಾವ ಹೆಚ್ಚಾಗಿಲ್ಲ, ಕಣ್ಣು ಎಷ್ಟು ಮರಳುತ್ತದೆಂದು ಕಾದು ನೋಡಬೇಕು ಎಂದರು. ಅಪ್ಪ ಎದ್ದು ನಿಂತು ಕೈಮುಗಿದರು. ಮಾತು ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಐಸಿಯುವಿನಲ್ಲಿ ಐದು ನಿಮಿಷ ನೋಡಲು ಬಿಟ್ಟರು. ಮೂಗಿಗೆ ಹತ್ತಿ ತುರುಕಿದ್ದರು, ಬಾಯಿಯಲ್ಲಿ ಉಸಿರಾಡುತ್ತಿದ್ದಳು. ನಾನು ಮಂಚದ ಕಾಲ ಬುಡದಲ್ಲಿ ನಿಂತಿದ್ದೆ. ನನ್ನನ್ನೇ ನೋಡುತ್ತಿದ್ದ ಅಮ್ಮ ಗೊಗ್ಗರು ಧ್ವನಿಯಲ್ಲಿ ಕೇಳಿದಳು, "ಆ ಕುರ್ಚಿ ಮೇಲಿರೋ ಹಸಿರು ಚೀಲ ನಮ್ಮದೇನೇ?"

ಕುರ್ಚಿ ಇದ್ದದ್ದು ಅವಳ ಬಲಪಕ್ಕದಲ್ಲಿ. ಅವಳು ಕತ್ತು ತಿರುಗಿಸಿರಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂರನೆಯ ದಿನದಿಂದ ಮೂತ್ರದ ಮೇಲೆ ಮೂತ್ರ, ಕುಡಿದಷ್ಟೂ ಬಾಯಾರಿಕೆ. ಗ್ರಂಥಿಗೆ ಏಟು ಬಿದ್ದರೆ ಹಾಗಾಗುತ್ತದಂತೆ, ವಾರದಲ್ಲಿ ಇಳಿಯಿತು. ಎರಡು ತಿಂಗಳು ವಾಸನೆ ಇರಲಿಲ್ಲ. "ಇಂಗು ಹಾಕಿದ್ದೀಯೋ ಇಲ್ಲವೋ ನೀನೇ ಹೇಳಬೇಕು" ಎಂದು ಸಾರಿನ ಪಾತ್ರೆ ಮುಂದೆ ನಿಂತು ಅಪ್ಪನನ್ನೂ ನನ್ನನ್ನೂ ಕರೆಯುತ್ತಿದ್ದಳು. ಒಂದು ಸ್ಟಿರಾಯ್ಡ್ ಮಾತ್ರೆ ಇನ್ನೂ ನಡೆದಿದೆ.

ಮೂರು ತಿಂಗಳ ನಂತರ ಕಣ್ಣಿನ ಪರೀಕ್ಷೆ ಮತ್ತೆ ಮಾಡಿದರು. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತ, ಎಲ್ಲೆಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಕಾಣದ ಜಾಗ ಹಾಳೆಯ ಮೇಲೆ ಕಪ್ಪಾಗಿ ಬರುತ್ತದೆ. ಮೊದಲಿನ ಹಾಳೆಯಲ್ಲಿ ಎರಡೂ ಕಣ್ಣಿನ ಹೊರ ಅರ್ಧ ಇದ್ದಿಲಿನ ಹಾಗೆ ಕಪ್ಪು. ಈಗ ಬಲಗಣ್ಣು ಹೆಚ್ಚುಕಡಿಮೆ ಪೂರ್ತಿ ತಿಳಿಯಾಗಿತ್ತು. ಎಡಗಣ್ಣಿನ ಹೊರಗಿನ ಮೇಲ್ಮೂಲೆ ಮಾತ್ರ ಹಾಗೇ ಉಳಿದಿತ್ತು. ಒತ್ತಡ ತುಂಬ ದಿನ ಇದ್ದರೆ ಕೆಲವು ಎಳೆಗಳು ಚೇತರಿಸಿಕೊಳ್ಳುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಯಾರನ್ನೂ ದೂರಿ ಹೇಳಲಿಲ್ಲ. ಆದರೆ ಆ ಮೂಲೆ ಯಾರದ್ದೆಂದು ನನಗೆ ಗೊತ್ತು. ನಾನು ಫೋನಿನಲ್ಲಿ "ಮಾತ್ರೆ ತಗೋ, ಸರಿಹೋಗ್ತದೆ" ಅಂದ ತಿಂಗಳುಗಳದ್ದು ಅದು.

ಮನೆಗೆ ಬಂದು ಅಪ್ಪ ಎರಡೂ ಹಾಳೆಗಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಒಂದನ್ನು ಸ್ವಲ್ಪ ಸರಿಸಿ, ತಿರುಗಿಸಿ, ನಡುವಿನ ಚುಕ್ಕಿಗೆ ಚುಕ್ಕಿ ಸೇರಿಸಿದರು. ಬಹಳ ಹೊತ್ತು ನೋಡಿದರು. "ಇಷ್ಟು ವಾಪಸ್ ಬಂತು" ಎಂದು ಬೆರಳಿನಿಂದ ಗೆರೆ ಎಳೆದು ಅಮ್ಮನಿಗೆ ತೋರಿಸಿದರು, ಒತ್ತುವರಿಯಾದ ಜಮೀನು ಬಿಡಿಸಿಕೊಟ್ಟವರ ಹಾಗೆ. ಬಾರದೆ ಉಳಿದ ಮೂಲೆಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಆಫೀಸಿನಲ್ಲಿ ಈಗಲೂ ಅದೇ ಕೆಲಸ. ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಮೊದಲು ನಮ್ಮ ವರದಿಯ ಮೊದಲ ಪುಟದಲ್ಲಿ ಸರಾಸರಿ ತಪ್ಪು ಎಷ್ಟು ಎಂಬುದು ಮಾತ್ರ ಇರುತ್ತಿತ್ತು. ಈಗ ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಎಲ್ಲಕ್ಕಿಂತ ಕೆಟ್ಟದಾಗಿ ಕೂತ ತಲೆಯ ಅಂಕಿ ಹಾಕಬೇಕೆಂದು ಹಟ ಹಿಡಿದು ಹಾಕಿಸಿದ್ದೇನೆ. ಯಾಕೆಂದು ಹೊಸ ಹುಡುಗನೊಬ್ಬ ಕೇಳಿದ. ಸರಾಸರಿ ತಲೆ ಯಾರ ಮನೆಯಲ್ಲೂ ಇರುವುದಿಲ್ಲ ಎಂದೆ.

ಫೋನು ಮಾಡುವ ಕ್ರಮವೂ ಬದಲಾಗಿದೆ. ಅಮ್ಮನ ಹತ್ತಿರ ಮಾತಾಡಿದ ಮೇಲೆ, "ಅಪ್ಪನಿಗೆ ಕೊಡು" ಅನ್ನುತ್ತೇನೆ. ಅಮ್ಮ ಹೇಗಿದ್ದಾಳೆ ಎಂದು ಅಪ್ಪನನ್ನೂ, ಅಪ್ಪ ಹೇಗಿದ್ದಾರೆ ಎಂದು ಅಮ್ಮನನ್ನೂ ಕೇಳುತ್ತೇನೆ. ಇಬ್ಬರೂ ಹೇಳಿದ್ದು ತಾಳೆಯಾಗದಿದ್ದರೆ ಬಸ್ಸು ಹತ್ತುತ್ತೇನೆ.

ಹೋದ ವಾರ ಊರಿನಿಂದ ಬಂದವರ ಕೈಯಲ್ಲಿ ಅಮ್ಮ ಬಾಳೆಎಲೆಯ ಪೊಟ್ಟಣ ಕಳಿಸಿದ್ದಳು. ಬಿಚ್ಚಿದರೆ ಒಂದು ಮೊಳ ಸೇವಂ­ತಿಗೆ. ಒಂದೆರಡು ಕಡೆ ಗಂಟು ಸಡಿಲ, ಒಂದು ಕಡೆ ಮೂರು ಹೂವು ಒಂದೇ ಬದಿಗೆ ಬಿದ್ದಿದ್ದವು. ಫೋನು ಮಾಡಿದೆ.

"ಹ್ಯಾಗಿದೆ?" ಅಂದಳು.

"ಚೆನ್ನಾಗಿದೆ."

"ಸುಳ್ಳು ಹೇಳಬೇಡ. ಎಡಗಡೆ ಸ್ವಲ್ಪ ಸೊಟ್ಟ ಬಂದಿದೆ, ನನಗೇ ಕಾಣ್ತಿತ್ತು" ಅಂದಳು ಅಮ್ಮ.